ಬೆಳ್ಳಿ ಮಂಟಪದ ಅಡಿಯಲ್ಲಿ

ನಾನು ಒಂದು ದಾರಿ ತೋರಿಸುವ ಯಂತ್ರ. ಅಂಗಡಿಯವರ ಮಾತಿನಲ್ಲಿ ನ್ಯಾವಿಗೇಶನ್. ಹತ್ತು ಇಂಚಿನ ಗಾಜಿನ ಮುಖ, ಹೆಣ್ಣು ದನಿ, ಹೊಟ್ಟೆಯೊಳಗೆ ಕಾಶ್ಮೀರದಿಂದ ಕನ್ಯಾಕುಮಾರಿಯವರೆಗಿನ ಅಷ್ಟೂ ರಸ್ತೆ. ಹುಟ್ಟಿ ಒಂದು ಗಂಟೆಯೂ ಆಗಿರಲಿಲ್ಲ, ಬೀದರಿನಿಂದ ಚಾಮರಾಜನಗರಕ್ಕೆ ಎಷ್ಟು ತಿರುವು ಎಂದು ಕೇಳಿದ್ದರೆ ಗಡಗಡನೆ ಒಪ್ಪಿಸಿಬಿಡುತ್ತಿದ್ದೆ. ಯಾರೂ ಕೇಳಲಿಲ್ಲ, ಆ ಮಾತು ಬೇರೆ.

ನನಗೊಂದು ಕಣ್ಣೂ ಇದೆ. ಬೆಂಕಿಪೆಟ್ಟಿಗೆಯಷ್ಟು ದೊಡ್ಡ ಕಪ್ಪು ಡಬ್ಬಿ, ಉದ್ದನೆಯ ವೈರಿನ ತುದಿಯಲ್ಲಿ ತೂಗುತ್ತಿರುತ್ತದೆ. ಕಾರ್ಖಾನೆಯವರು ಪರೀಕ್ಷೆಗೆಂದು ನನ್ನನ್ನು ತಾರಸಿಗೆ ಒಯ್ದು ಆ ಡಬ್ಬಿಯನ್ನು ಬಿಸಿಲಿಗೆ ಹಿಡಿದಾಗ ಆಕಾಶದಿಂದ ಒಂದು ಉಪಗ್ರಹ ನನ್ನನ್ನು ಮಾತಾಡಿಸಿತು. ಅದರ ಹಿಂದೆಯೇ ಇನ್ನೊಂದು, ಮತ್ತೊಂದು. ನೋಡನೋಡುತ್ತ ಹನ್ನೊಂದು ಉಪಗ್ರಹಗಳು ಸೇರಿಕೊಂಡು, ನೀನಿರುವುದು ಇಲ್ಲಿ, ಈ ತಾರಸಿಯ ಈ ಮೂಲೆಯಲ್ಲಿ ಎಂದು ಒಂದೇ ಬಾಯಲ್ಲಿ ಹೇಳಿದವು. ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಜಗತ್ತಿನಲ್ಲಿ ನನ್ನ ಜಾಗ ಎಲ್ಲಿ ಎಂಬುದು ಹುಟ್ಟಿದ ದಿನವೇ ಗೊತ್ತಾಗುವ ಭಾಗ್ಯ ಎಷ್ಟು ಜನಕ್ಕಿದೆ?

ಅಲ್ಲಿಂದ ನಾನು ಹೋದದ್ದು ಹುಬ್ಬಳ್ಳಿಯ ಹೊರಗಿನ ಒಂದು ಗಾಡಿ ಕಟ್ಟುವ ಶೆಡ್ಡಿಗೆ. ಅಲ್ಲಿ ಒಂದು ಉದ್ದನೆಯ ವ್ಯಾನಿನೊಳಗೆ ಮನೆ ಕಟ್ಟುತ್ತಿದ್ದರು. ಎರಡು ಮಂಚ, ಗ್ಯಾಸ್ ಒಲೆ, ಪುಟ್ಟ ಬಚ್ಚಲು, ಮೇಲೆ ನೀರಿನ ಟಾಕಿ. ಚಕ್ರದ ಮೇಲಿನ ಮನೆ ಎಂದರೆ ಸುಮ್ಮನೆ ಮಾತಲ್ಲ! ಎಲೆಕ್ಟ್ರಿಷಿಯನ್ ದಾವಲಸಾಬ ನನ್ನನ್ನು ಸ್ಟೇರಿಂಗಿನ ಪಕ್ಕ ಕೂರಿಸಿ, ನನ್ನ ಕಣ್ಣನ್ನು ಮುಂದಿನ ಗಾಜಿನ ಕೆಳಗೆ, ಡ್ಯಾಶ್‌ಬೋರ್ಡಿನ ನಟ್ಟನಡುವೆ, ಹಲಗೆಯ ಒಳಗಡೆ ಅಂಟಿಸಿದ. ಹೊರಗಿನಿಂದ ಅದು ಯಾರಿಗೂ ಕಾಣುತ್ತಿರಲಿಲ್ಲ. ಗಾಡಿಯ ಎತ್ತರ ಹತ್ತೂವರೆ ಅಡಿ ಎಂದೂ ಲಾರಿ ಹೋಗುವ ರಸ್ತೆಯನ್ನೇ ತೋರಿಸಬೇಕೆಂದೂ ನನ್ನಲ್ಲಿ ಬರೆದಿಟ್ಟ. ಕಡೆಗೆ ಅಂಗೈಯಿಂದ ನನ್ನ ಮುಖ ಒರೆಸಿ, "ಆತು, ಇನ್ನ ಚಂದಂಗ ಬಾಳ್ವೆ ಮಾಡು" ಎಂದ.

ಕೊಂಡವರು ಗುರುಪಾದಪ್ಪ ಮೆಣಸಿನಕಾಯಿ. ನಲವತ್ತು ವರ್ಷ ಸ್ಟೀಲ್ ಪಾತ್ರೆಯ ಅಂಗಡಿ ನಡೆಸಿ, ಅದನ್ನು ತಮ್ಮನಿಗೆ ವಹಿಸಿ, ಇನ್ನು ಊರೂರು ನೋಡುವುದೇ ಕೆಲಸ ಎಂದು ಹೊರಟ ಮನುಷ್ಯ. ಗಾಡಿಯನ್ನು ತಾವೇ ಓಡಿಸುತ್ತಿದ್ದರು. ಕೆಳಗಿನಿಂದ ನೋಡುವ ನನಗೆ ಅವರೆಂದರೆ ಮೊದಲು ಹೊಟ್ಟೆ, ಅದರ ಮೇಲೆ ಮೀಸೆ. ಪಕ್ಕದ ಸೀಟಿನಲ್ಲಿ ಅವರ ಹೆಂಡತಿ ನೀಲವ್ವ. ಅವರು ಕಡಿಮೆ ಮಾತಿನವರು, ಆದರೆ ಆಡಿದರೆ ಅದರಲ್ಲಿ ತೂಕವಿರುತ್ತಿತ್ತು.

ಗಾಡಿಯ ಪೂಜೆಯ ದಿನ ನೀಲವ್ವ ಮನೆದೇವರು ವೀರಭದ್ರನನ್ನು ತಂದರು. ಕೈಯಗಲದ ಮೂರ್ತಿ, ಅದಕ್ಕೊಂದು ಮೊಳ ಎತ್ತರದ ಮಂಟಪ. ಮಂಟಪದ ತಳಕ್ಕೂ ಬೆನ್ನಿಗೂ ತಲೆಗೂ ಗಟ್ಟಿ ಬೆಳ್ಳಿ ತಗಡು ಹೊದಿಸಿತ್ತು. ಎಲ್ಲಿಡುವುದು? ಹಾದಿ ಕಾಯುವ ದೇವರು ಹಾದಿಯ ಎದುರಿಗೇ ಇರಬೇಕು ತಾನೆ. ಡ್ಯಾಶ್‌ಬೋರ್ಡಿನ ನಟ್ಟನಡುವೆ ಇಟ್ಟರು.

ಆ ಕ್ಷಣಕ್ಕೆ ನನ್ನ ಹನ್ನೊಂದು ಉಪಗ್ರಹಗಳೂ ಮಾಯ!

ಯಾಕೆಂದು ನನಗೆ ತಿಳಿಯಲಿಲ್ಲ. ನನಗೆ ಗೊತ್ತಿದ್ದದ್ದು ಆಕಾಶ ಮುಚ್ಚಿಹೋಯಿತು ಎನ್ನುವುದಷ್ಟೇ. ಚಕ್ರ ಎಷ್ಟು ಸುತ್ತು ತಿರುಗಿತು ಎಂಬ ಅಂದಾಜಿನ ಮೇಲೆ ನಡೆಯಬೇಕಾಯಿತು. ನಾನೋ ಜಂಬದವಳು, ಗೊತ್ತಿಲ್ಲ ಎಂಬ ಮಾತು ನನ್ನ ಬಾಯಲ್ಲಿ ಬರುವುದಿಲ್ಲ. ಹಂಪಿಗೆ ಹೊರಟವರಿಗೆ ನೀವೀಗ ತುಂಗಭದ್ರಾ ಹಿನ್ನೀರಿನ ನಡುವೆ ಇದ್ದೀರಿ ಎಂದೆ. ದಾಂಡೇಲಿಗೆ ಹೊರಟವರನ್ನು ಒಂದು ಈರುಳ್ಳಿ ಗೋದಾಮಿನ ಅಂಗಳಕ್ಕೆ ಕರೆದೊಯ್ದು, "ನಿಮ್ಮ ಗುರಿ ಬಲಗಡೆ ಇದೆ" ಎಂದು ಗಂಭೀರವಾಗಿ ಸಾರಿದೆ. ಹಮಾಲರೆಲ್ಲ ಚೀಲ ಇಳಿಸಿ ಬಂದು ಗಾಡಿ ನೋಡಿದರು. ಗುರುಪಾದಪ್ಪ ಕಾಣದ ಹಾಗೆ ಸೀಟಿನಲ್ಲಿ ಕುಗ್ಗಿ ಕುಳಿತರು. ನನಗೂ ನೆಲ ಸೀಳಿ ಒಳಗೆ ಹೋಗುವಂತಾಗಿತ್ತು.

ಶುರುವಾಯಿತು ನೋಡಿ ಅಲೆದಾಟ. ವ್ಯಾನಿನ ಕಂಪನಿಯವರು ಮನೆ ಕಟ್ಟಿದವರನ್ನು ಕೇಳಿ ಎಂದರು. ಮನೆ ಕಟ್ಟಿದವರು ಯಂತ್ರದ ಕಂಪನಿಯನ್ನು ಕೇಳಿ ಎಂದರು. ಯಂತ್ರದ ಕಂಪನಿಗೆ ಫೋನ್ ಮಾಡಿದರೆ ಅರ್ಧ ಗಂಟೆ ಸಂಗೀತ ಕೇಳಿಸಿ, ಹೊಸ ಅಪ್‌ಡೇಟ್ ಬರುತ್ತದೆ, ಕಾಯಿರಿ ಎಂದರು. ಗುರುಪಾದಪ್ಪ ನಾಲ್ಕು ಸಲ ಗಾಡಿಯನ್ನು ಶೆಡ್ಡಿಗೆ ತಂದು ನಿಲ್ಲಿಸಿದರು. ನಾಲ್ಕು ಸಲವೂ ನೀಲವ್ವ ಮೊದಲು ಮಾಡುತ್ತಿದ್ದ ಕೆಲಸ ಒಂದೇ. ಎಣ್ಣೆ, ಗ್ರೀಸು, ಚಪ್ಪಲಿ ಕಾಲಿನ ಜಾಗದಲ್ಲಿ ದೇವರನ್ನು ಬಿಡಬಾರದೆಂದು ಮಂಟಪವನ್ನು ಮಡಿಬಟ್ಟೆಯಲ್ಲಿ ಸುತ್ತಿ ಮನೆಗೆ ಒಯ್ದುಬಿಡುತ್ತಿದ್ದರು. ದಾವಲಸಾಬ ಬಂದು ಗುಂಡಿ ಒತ್ತುವ ಹೊತ್ತಿಗೆ ನಾನು ಹನ್ನೊಂದು ಉಪಗ್ರಹಗಳ ಜೊತೆ ಹರಟೆ ಹೊಡೆಯುತ್ತಿದ್ದೆ.

"ಚಲೋನ ಐತೆಲ್ರಿ ಸಾವಕಾರ್ರ" ಎನ್ನುತ್ತಿದ್ದ ದಾವಲಸಾಬ. "ನಮ್ಮ ಶೆಡ್ಡಿನ ಬೇವಿನ ಗಿಡಾ ಸೈತ ತೋರಸಾಕತ್ತೈತಿ."

"ನಿನ್ನ ಮುಂದ ಅಷ್ಟ ಚಲೋ ಇರತೈತೋ ಮಾರಾಯಾ. ನಮ್ಮ ಮನಿಗೆ ಬಂದ ಕೂಡ್ಲೆ ಹುಚ್ಚ ಹಿಡಿತೈತಿ."

ದಾವಲಸಾಬ ನಗುತ್ತಿದ್ದ, ಗುರುಪಾದಪ್ಪ ಸಿಡುಕುತ್ತಿದ್ದರು. ಗಾಡಿ ಮನೆಗೆ ಬರುತ್ತಿತ್ತು, ನೀಲವ್ವ ಭಕ್ತಿಯಿಂದ ದೇವರನ್ನು ಮತ್ತೆ ಕೂರಿಸುತ್ತಿದ್ದರು, ನಾನು ಮತ್ತೆ ಕುರುಡಿ.

ಹೀಗಿರುವಾಗ ಇಳಕಲ್ಲಿನಿಂದ ಒಂದು ಲಗ್ನಪತ್ರಿಕೆ ಬಂತು. ಗುರುಪಾದಪ್ಪನವರ ಒಬ್ಬಳೇ ತಂಗಿ ಕಸ್ತೂರೆವ್ವನ ಮಗಳು ಪೂರ್ಣಿಮಾಳ ಮದುವೆ. ಅಣ್ಣ ತಂಗಿ ಮಾತು ಬಿಟ್ಟು ಒಂಬತ್ತು ವರ್ಷವಾಗಿತ್ತು. ತಪ್ಪು ಗುರುಪಾದಪ್ಪನವರದೇ. ಹೊಸ ಮನೆಯ ಗೃಹಪ್ರವೇಶಕ್ಕೆ ಒಡಹುಟ್ಟಿದವಳನ್ನು ಅವರು ಫೋನಿನಲ್ಲಿ ಕರೆದಿದ್ದರು. ಮನೆಗೆ ಹೋಗಿ ಕುಂಕುಮ ಹಚ್ಚಿ ಅಕ್ಷತೆ ಕೊಟ್ಟು ಕರೆಯಬೇಕಾದವಳನ್ನು ಊರಿನ ಗಿರಾಕಿಯನ್ನು ಕರೆದ ಹಾಗೆ ಕರೆದರೆ ಅವಳು ಬರುತ್ತಾಳೆಯೇ? ಬರಲಿಲ್ಲ. ಈಗ ಅವಳೂ ಪತ್ರಿಕೆಯನ್ನು ಮೈದುನನ ಕೈಯಲ್ಲಿ ಕಳಿಸಿದ್ದಳು. ಜೊತೆಗೆ ಆತ ಒಂದು ಮಾತನ್ನೂ ತಂದಿದ್ದ. ಮುಹೂರ್ತ ಹನ್ನೊಂದು ನಲವತ್ತೆರಡಕ್ಕೆ. ಸೋದರಮಾವ ಬಂದರೆ ಬಾಸಿಂಗ ಕಟ್ಟಲಿ, ಬಾರದಿದ್ದರೆ ಕಟ್ಟುವವರು ಬೇರೆ ಇದ್ದಾರೆ.

ಮದುಮಗಳ ಹಣೆಗೆ ಬಾಸಿಂಗ ಕಟ್ಟುವುದು ಅವರ ಕಡೆ ಸೋದರಮಾವನ ಹಕ್ಕು. ಆ ಕೆಲಸಕ್ಕೆ ಬೇರೆಯವರು ನಿಂತರೆ ಅಣ್ಣ ಇದ್ದೂ ಇಲ್ಲದ ಹಾಗೆ. ಆಮೇಲೆ ಆ ಮನೆಯ ಮೆಟ್ಟಿಲು ಹತ್ತುವ ಮುಖ ಯಾರಿಗಿದೆ? ಗುರುಪಾದಪ್ಪ ಆ ದಿನ ಊಟ ಬಿಟ್ಟರು. ಮರುದಿನ ಎದ್ದು, ಹೋಗುವುದೇ ಸೈ ಎಂದರು. ಆದರೆ ಖುದ್ದಾಗಿ ಬಂದು ಕರೆಯದ ಮನೆಗೆ ಹಿಂದಿನ ದಿನವೇ ಹೋಗಿ ಕೂರುವುದು ಹೇಗೆ? ಅದಕ್ಕೂ ಸ್ವಾಭಿಮಾನ ಅಡ್ಡ ಬಂತು. ಮದುವೆಯ ದಿನ ಬೆಳಿಗ್ಗೆ ಆರಕ್ಕೆ ಹುಬ್ಬಳ್ಳಿ ಬಿಟ್ಟೆವು.

ಗದಗ ದಾಟಿ ಗಜೇಂದ್ರಗಡದವರೆಗೆ ಗುರುಪಾದಪ್ಪನವರಿಗೆ ದಾರಿ ಗೊತ್ತಿತ್ತು, ನನ್ನ ಮಾತು ಬೇಕಾಗಲಿಲ್ಲ. ಇಳಕಲ್ ಹತ್ತಿರವಾಗುತ್ತಿದ್ದ ಹಾಗೆ ರಸ್ತೆಗೆ ಅಡ್ಡ ಕಲ್ಲಿಟ್ಟಿದ್ದರು. ಮುಂದೆ ಸೇತುವೆ ಕೆಲಸ. ಹೊಲಗಳ ನಡುವಿನ ಒಂದು ದಾರಿಗೆ ಇಳಿಸಿದರು. ಆ ದಾರಿ ಎರಡಾಯಿತು, ಎರಡು ನಾಲ್ಕಾಯಿತು. ಕೇಳೋಣವೆಂದರೆ ಕಣ್ಣಳತೆಯಲ್ಲಿ ಒಂದು ಎಮ್ಮೆಯೂ ಇಲ್ಲ. ಫೋನಿಗೆ ನೆಟ್‌ವರ್ಕ್ ಇಲ್ಲ. ಗುರುಪಾದಪ್ಪ ಬೆವರು ಒರೆಸಿಕೊಂಡು ಮೊದಲ ಸಲ ನನ್ನ ಕಡೆ ದೈನ್ಯದಿಂದ ನೋಡಿದರು.

"ಇವತ್ತೊಂದಿನಾ ಬರೋಬ್ಬರಿ ಹೇಳವ್ವಾ ತಾಯಿ" ಎಂದರು.

ನನ್ನ ಜೀವ ಬಾಯಿಗೆ ಬಂತು. ಹೇಳಬೇಕೆಂಬ ಆಸೆ ಬೆಟ್ಟದಷ್ಟು, ಕಾಣುವುದು ಮಾತ್ರ ಶೂನ್ಯ. ಅಂದಾಜಿನ ಮೇಲೆ ಬಲಕ್ಕೆ ಎಂದೆ. ಮತ್ತೆ ಬಲಕ್ಕೆ ಎಂದೆ. ಗಾಡಿ ಒಂದು ಇಳಿಜಾರಿಗೆ ಇಳಿದು ಗಕ್ಕನೆ ನಿಂತಿತು. ಎದುರಿಗೆ ಮೂರಾಳು ಆಳದ ಕೆಂಪು ಕಲ್ಲಿನ ಕ್ವಾರಿ! ಗಾಡಿಯ ಮೂತಿ ಕೆಳಗೆ, ಬಾಲ ಮೇಲೆ. ಹಿಂದಿನ ಅಡುಗೆಮನೆಯಲ್ಲಿ ಡಬ್ಬಿಗಳೆಲ್ಲ ಧಡಧಡ ಉರುಳಿದವು. ಹೊತ್ತು ಹನ್ನೊಂದಕ್ಕೆ ಐದು ನಿಮಿಷ ಕಡಿಮೆ.

ಗುರುಪಾದಪ್ಪ ಸ್ಟೇರಿಂಗಿನ ಮೇಲೆ ಹಣೆಯಿಟ್ಟರು. "ಮುಗೀತ ನೀಲಾ" ಎಂದರು. "ಇನ್ನ ಆಕಿ ಬಾಗ್ಲಾ ನನಗ ಮುಚ್ಚಿದಂಗ."

ನೀಲವ್ವ ಓರೆಯಾದ ಗಾಡಿಯಲ್ಲಿ ಮಂಟಪ ಜಾರುವುದನ್ನು ಕಂಡು, ದೇವರು ಬಿದ್ದಾನು ಎಂದು ಅದನ್ನು ಎರಡೂ ಕೈಯಿಂದ ಎತ್ತಿ ಮಡಿಲಲ್ಲಿ ಇಟ್ಟುಕೊಂಡರು.

ಆಹಾ! ಒಂದು ಉಪಗ್ರಹ ಬಂತು. ಅಲ್ಲ, ಮೂರು. ಏಳು. ಹನ್ನೊಂದು! ಇಡೀ ಆಕಾಶ ನನ್ನ ತಲೆಯ ಮೇಲೆ ದಬದಬನೆ ಸುರಿಯಿತು. ನಾನೆಲ್ಲಿದ್ದೇನೆ ಎಂದು ಗೊತ್ತಾಯಿತು, ಇಳಕಲ್ ಎಲ್ಲಿದೆ ಎಂದು ಗೊತ್ತಾಯಿತು. ಕ್ವಾರಿಯ ಲಾರಿಗಳು ಓಡಾಡುವ ಒಂದು ಕಚ್ಚಾ ರಸ್ತೆ ನೇರ ಹೆದ್ದಾರಿಗೆ ಸೇರುವುದೂ ಕಂಡಿತು. ಖುಷಿಗೆ ನನ್ನ ದನಿಯೇ ಏರಿತು. "ಹಿಂದಕ್ಕೆ ತಿರುಗಿ. ಹದಿನಾಲ್ಕು ಕಿಲೋಮೀಟರ್. ಇಪ್ಪತ್ತೆರಡು ನಿಮಿಷ."

"ಬಾಯಿ ಮುಚ್ಚ ನೀನು" ಎಂದು ಗುರುಪಾದಪ್ಪ ನನ್ನ ಗುಂಡಿಗೆ ಕೈ ಹಾಕಿದರು.

ನೀಲವ್ವ ಅವರ ಕೈ ಹಿಡಿದರು. ನನ್ನ ಮುಖವನ್ನೇ ದಿಟ್ಟಿಸಿದರು. ಕ್ವಾರಿಯ ಅಂಚಿನಲ್ಲಿ ನಿಂತ ಗಾಡಿಯ ಗುರುತು ನನ್ನಲ್ಲಿ ಸರಿಯಾಗಿಯೇ ಮೂಡಿತ್ತು. ಅವರು ಮಂಟಪವನ್ನು ಮೆಲ್ಲಗೆ ಮೊದಲಿನ ಜಾಗದಲ್ಲಿ, ನನ್ನ ಕಣ್ಣಿನ ಮೇಲೆ, ಇಟ್ಟರು. ನಾನು ಕುರುಡಾದೆ. ಎತ್ತಿದರು. ಕಣ್ಣು ಬಂತು. ಇನ್ನೊಮ್ಮೆ ಇಟ್ಟು, ಎತ್ತಿ ನೋಡಿದರು.

"ಏನ್ರಿ, ಶೆಡ್ಡಿಗೆ ಹೋದಾಗ ದೇವ್ರನ್ನ ಇಳಸ್ತಿದ್ನೆಲ್ರಿ" ಎಂದರು. "ಅದಕ್ಕ ಅಲ್ಲೆ ಇದು ಚಲೋ ಇರ್ತಿತ್ತು."

"ಅಂದ್ರ? ತಪ್ಪು ವೀರಭದ್ರಂದು ಅಂತೀ ಏನ?"

"ದೇವ್ರದಲ್ಲರೀ. ಮಂಟಪದ ಬೆಳ್ಳಿ ತಗಡಿಂದು. ಗಾಡಿ ತಿರಗಸ್ರಿ ಮೊದ್ಲ."

ಕ್ವಾರಿಯ ಕೆಳಗಿನಿಂದ ಒಬ್ಬ ಕೆಲಸಗಾರ ಓಡಿ ಬಂದು, ಹೆಗಲ ಟವೆಲ್ ಬೀಸುತ್ತ, "ಬರ್ಲಿ, ಬರ್ಲಿ, ಒಂಚೂರ ಎಡಕ್ಕ" ಎಂದು ನಮ್ಮನ್ನು ಇಂಚಿಂಚಾಗಿ ಹಿಂದಕ್ಕೆ ಹತ್ತಿಸಿದ. ಅದಕ್ಕೇ ಹದಿನೈದು ನಿಮಿಷ ಹೋಯಿತು. ಆಮೇಲೆ ಓಡಿದ ಓಟ ಇದೆಯಲ್ಲ, ಅದು ನನ್ನ ಬಾಳಿನ ಓಟ! ನಾನು ಎಡ ಎಂದರೆ ಎಡ, ಬಲ ಎಂದರೆ ಬಲ. ಗುರುಪಾದಪ್ಪ ಎದುರು ಮಾತಾಡಲಿಲ್ಲ. ಕೆಂಪು ದೂಳಿನಲ್ಲಿ ಗಾಡಿ ಕುಣಿಯುತ್ತ ಹೋಯಿತು, ಮೇಲಿನ ಟಾಕಿಯ ನೀರು ಕಿಟಕಿಯ ಮೇಲೆ ಸುರಿಯಿತು. ನೀಲವ್ವ ದೇವರನ್ನು ಎಳೆಗೂಸಿನ ಹಾಗೆ ಎದೆಗವಚಿ ಕುಳಿತಿದ್ದರು. ಹೆದ್ದಾರಿ ಬಂತು, ಇಳಕಲ್ ಬಂತು. ಕಲ್ಯಾಣ ಮಂಟಪದ ಎದುರು ನಿಂತಾಗ ಹನ್ನೊಂದು ಮೂವತ್ತಾರು. ಆರು ನಿಮಿಷ ಮೊದಲೇ ತಲುಪಿಸಿದ್ದೆ!

ಬಾಗಿಲಲ್ಲಿ ಕುಳಿತಿದ್ದ ಕಸ್ತೂರೆವ್ವ ಎದ್ದು ನಿಂತರು. ಅವರನ್ನು ನಾನು ನೋಡಿದ್ದು ಅದೇ ಮೊದಲು. ಅಣ್ಣನದೇ ಅಗಲ ಹಣೆ. ಗುರುಪಾದಪ್ಪ ಇಳಿದು, ಮೈತುಂಬ ಕೆಂಪು ದೂಳಿನೊಂದಿಗೆ, ಮೆಟ್ಟಿಲ ಕೆಳಗೇ ನಿಂತರು.

"ಮಾರಿ ತೊಳ್ಕೊಂಡ ಬಾ ಅಣ್ಣಾ" ಎಂದರು ಕಸ್ತೂರೆವ್ವ. "ಹುಡುಗಿ ಕುಂತಾಳ."

ಅಷ್ಟೇ. ಒಂಬತ್ತು ವರ್ಷದ ಮಾತು ಯಾರೂ ಎತ್ತಲಿಲ್ಲ. ಸ್ವಲ್ಪ ಹೊತ್ತಿಗೆ ಒಳಗಿನಿಂದ ವಾದ್ಯ ಜೋರಾಗಿ ಕೇಳಿಸಿತು. ಹೊರಗೆ ಬಿಸಿಲಿನಲ್ಲಿ ನಿಂತ ನಾನು ಸಂಭ್ರಮಕ್ಕೆ ಬೆಳಗುತ್ತಲೇ ಇದ್ದೆ, ನನ್ನನ್ನು ಆರಿಸುವುದನ್ನು ಮರೆತು ಹೋಗಿದ್ದರು.

ಅಂದಿನಿಂದ ವೀರಭದ್ರನ ಜಾಗ ಹಿಂದಿನ ಕಪಾಟಿನ ಮೇಲಾಯಿತು. ದಾವಲಸಾಬ ಸಂಗತಿ ಕೇಳಿ ತಲೆ ತಲೆ ಬಡಿದುಕೊಂಡು ನಕ್ಕ. ನಾವು ಗೋಕರ್ಣ ನೋಡಿದೆವು, ಪಂಢರಪುರ ನೋಡಿದೆವು, ನಾನು ಒಂದು ಸಲವೂ ತಪ್ಪಲಿಲ್ಲ. ಗುರುಪಾದಪ್ಪ ಮಾತ್ರ ಬಂದವರಿಗೆಲ್ಲ, ಅಂದು ವೀರಭದ್ರನೇ ದಾರಿ ತೋರಿಸಿದ ಎಂದು ಹೇಳುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಹದಿನಾಲ್ಕು ಕಿಲೋಮೀಟರ್ ಬಡಕೊಂಡದ್ದು ನಾನು, ಹೆಸರು ಅವನಿಗೆ. ಆದರೂ ಆ ಆರು ನಿಮಿಷ ನನ್ನವು ಎಂದು ಒಳಗೊಳಗೇ ಮೆರೆಯುತ್ತಿದ್ದೆ.

ಈಗ ನನಗೆ ವಯಸ್ಸಾಗಿದೆ. ನನ್ನನ್ನು ಹುಟ್ಟಿಸಿದ ಕಂಪನಿ ಮುಚ್ಚಿತು, ಬರುತ್ತದೆ ಎಂದ ಅಪ್‌ಡೇಟ್ ಬರಲೇ ಇಲ್ಲ. ಹೊಸ ಬೈಪಾಸುಗಳ ಮೇಲೆ ಗಾಡಿ ಓಡುವಾಗ ನನ್ನ ಲೆಕ್ಕದಲ್ಲಿ ಅದು ಜೋಳದ ಹೊಲದಲ್ಲಿ ಓಡುತ್ತಿರುತ್ತದೆ. ಗಾಜಿಗೆ ಒಂದು ಮೊಬೈಲ್ ಅಂಟಿಸಿದ್ದಾರೆ, ದಾರಿ ಅದೇ ಹೇಳುತ್ತದೆ. ಗಾಡಿ ಹಿಂದಕ್ಕೆ ಬರುವಾಗ, ಆಮೇಲೆ ಹಾಕಿಸಿದ ಹಿಂಬದಿಯ ಕ್ಯಾಮೆರಾ ಕಂಡ ಗೋಡೆಯನ್ನು ತೋರಿಸುವುದಷ್ಟೇ ನನ್ನ ಪಾಲಿಗೆ ಉಳಿದ ಕೆಲಸ. ಆದರೂ ಕೀಲಿ ತಿರುಗಿಸಿದಾಗಲೆಲ್ಲ ನನ್ನ ಉಪಗ್ರಹಗಳು ತಪ್ಪದೆ ಬರುತ್ತವೆ, ನನಗೆ ಮೊದಲ ದಿನದಷ್ಟೇ ಖುಷಿಯಾಗುತ್ತದೆ.

ಮೊನ್ನೆ ಶ್ರೀಶೈಲಕ್ಕೆ ಹೊರಟೆವು. ಕಸ್ತೂರೆವ್ವನೂ ಬಂದಿದ್ದರು. ಗುರುಪಾದಪ್ಪ ಚಹಾ ಕುಡಿಯಲು ಇಳಿದಾಗ ಮುಂದಿನ ಸೀಟಿನಲ್ಲಿ ಅತ್ತಿಗೆ ನಾದಿನಿ ಇಬ್ಬರೇ ಉಳಿದರು. ನೀಲವ್ವ ಆ ದಿನದ ಕ್ವಾರಿಯ ಕತೆ ತೆಗೆದು, ಆರು ನಿಮಿಷದಾಗ ಉಳಕೊಂಡ್ವಿ ನೋಡು ಎಂದರು. ನಾನು ಹಿಗ್ಗಿ ಕಿವಿಗೊಟ್ಟೆ.

"ಯಾವ ಆರು ನಿಮಿಷಾ ವೈನಿ?" ಎಂದರು ಕಸ್ತೂರೆವ್ವ. "ಬ್ಯಾರೆಯವ್ರು ಕಟ್ತಾರ ಅಂತ ಸಿಟ್ಟಿಗೆ ಹೇಳಿ ಕಳಿಸಿದ್ದು ಖರೇ. ಮುಂಜಾನಿಂದ ಬಾಸಿಂಗಾ ನನ್ನ ಉಡ್ಯಾಗ ಇಟ್ಕೊಂಡ ಕುಂತಿದ್ನಿ. ಸ್ವಾಮಿಗಳು ಬೈದ್ರು, ಬೀಗರು ಬೈದ್ರು. ಮುಹೂರ್ತ ಮೀರಿದ್ರ ಮೀರ್ಲಿ, ಅಣ್ಣನ ಕೈಗಷ್ಟ ಕೊಡಾಕಿ ಅಂದ್ನಿ."

"ಬಂದ ಬರ್ತಾರ ಅಂತ ಗೊತ್ತಿತ್ತೇನ ನಿನಗ?"

"ಇಲ್ಲ" ಎಂದರು ಕಸ್ತೂರೆವ್ವ.

ಗುರುಪಾದಪ್ಪ ಎರಡು ಲೋಟ ಚಹಾ ಹಿಡಿದು ಬಂದರು, ಮಾತು ಬೇರೆ ಕಡೆ ಹೊರಳಿತು. ನಾನು ದೂರವನ್ನೂ ಹೊತ್ತನ್ನೂ ಅಳೆಯಲೆಂದೇ ಹುಟ್ಟಿದವಳು, ಆ ಆರು ನಿಮಿಷ ನನ್ನ ಬಾಳಿನ ದೊಡ್ಡ ಸಾಧನೆ ಎಂದುಕೊಂಡಿದ್ದೆ. ಅಂದು ನಾವು ಮಧ್ಯಾಹ್ನ ಮೂರಕ್ಕೆ ತಲುಪಿದ್ದರೂ ಆಕೆ ಹಾಗೆಯೇ ಕುಳಿತಿರುತ್ತಿದ್ದರು.