ಅಮ್ಮನ ಕೋಣೆಯ ಗೋಡೆ

ಬೇಲಿಯ ತಡಮೆಯ ಹತ್ತಿರ ತಗಡಿಗೆ ತಗಡು ತಾಗಿದ ಸದ್ದು, ಬಂದರು, ಮಲೇರಿಯಾದವರು ಬಂದರು, ಅಮ್ಮ ಬಸದಿಯಿಂದ ಇನ್ನೂ ಬಂದಿಲ್ಲ — ಹತ್ತು ಗಂಟೆಯಾಗಿರಬೇಕು, ಬಿಸಿಲು ಜಗಲಿಯ ಮೆಟ್ಟಿಲಿಗೆ ಬಂದಿದೆ, ಹನ್ನೊಂದಕ್ಕೆ ಮಗಳು ಶಶಿಗೆ ಚಳಿ ಶುರುವಾಗುತ್ತದೆ, ಮೊನ್ನೆಯೂ ಹನ್ನೊಂದಕ್ಕೆ, ಅದರ ಹಿಂದಿನ ಸಲವೂ, ದಿನ ಬಿಟ್ಟು ದಿನ, ಇವತ್ತು ಬರುವ ದಿನ, ಈಗ ನೋಡಿದರೆ ಜಗಲಿಯಲ್ಲಿ ಕೂತು ಹುಣಸೆಬೀಜ ಆಡುತ್ತಿದ್ದಾಳೆ, ಆರು ವರ್ಷದ ಹುಡುಗಿ, ಅವಳ ಉಗುರು ನೋಡುತ್ತಿರಬೇಕು, ನೀಲಿಯಾದರೆ ಬಂತು ಎಂದೇ. ಬಾಹುಬಲಿಯ ಉಗುರು ನಾನು ನೋಡಲಿಲ್ಲ, ನೋಡಬೇಕೆಂದು ಗೊತ್ತಿರಲಿಲ್ಲ, ನಾಲ್ಕು ವರ್ಷದ ಮಗ, ಹೊಟ್ಟೆಯ ಎಡಬದಿ ಕಲ್ಲಿನ ಹಾಗೆ ಗಟ್ಟಿಯಾಗಿತ್ತು, ಈ ನೆರಿಯದಿಂದ ಬೆಳ್ತಂಗಡಿಯ ಡಾಕ್ಟರರಲ್ಲಿಗೆ ಎತ್ತಿನ ಗಾಡಿಯಲ್ಲಿ ಹೊರಟು ಅರ್ಧ ದಾರಿಯಲ್ಲಿ — ಬೇಡ, ಗಾಡಿಯದ್ದು ಈಗ ಬೇಡ. ಮದರಾಸು ಸರಕಾರ ಹೋಗಿ ಮೈಸೂರು ಬಂದ ವರ್ಷ ಅದು, ಈಗ ಬಂದ ಇದೇ ಹುಕ್ರಪ್ಪ ಇದೇ ಡಿ.ಡಿ.ಟಿ. ಪಂಪು ಹೊತ್ತು ಅಂಗಳದಲ್ಲಿ ನಿಂತಿದ್ದ, ಅಮ್ಮ ಬಾಗಿಲಿಗೆ ಅಡ್ಡ ಬಂದು, ನೀರು ಸೋಸಿದ ಬಟ್ಟೆಯಲ್ಲಿ ಸಿಕ್ಕಿದ ಹುಳವನ್ನೂ ತಿರುಗಿ ಬಾವಿಗೇ ಬಿಡುವವರು ನಾವು, ಈ ಮನೆಗೆ ವಿಷ ಬೇಡ ಎಂದಳು, ಅವನು ವಾದ ಮಾಡಲಿಲ್ಲ, ಬಾಗಿಲ ಪಕ್ಕ ಸೀಮೆಸುಣ್ಣದಲ್ಲಿ 'ಒಪ್ಪಲಿಲ್ಲ' ಎಂದು ಬರೆದು ಹೋದ, ಮೂರು ತಿಂಗಳಿಗೆ ಬಾಹುಬಲಿ ಹೋದ, ಆ ಅಕ್ಷರ ಒರೆಸಿದ್ದು ನಾನು, ಒದ್ದೆ ಬಟ್ಟೆಯಲ್ಲಿ, ಎರಡೆರಡು ಸಲ.

ಅಕ್ಕ, ಈ ಸಲವಾದರೂ ಮದ್ದು ಹೊಡೆಯುವುದಾ, ಹುಕ್ರಪ್ಪ ಮೆಟ್ಟಿಲಿನ ಕೆಳಗೇ ನಿಂತು ಕೇಳುತ್ತಾನೆ, ಗೋಡೆಗೆ ಯಾಕೆ, ಸೊಳ್ಳೆ ಇರುವುದು ನೀರಿನಲ್ಲಿ ಅಲ್ಲವಾ ಎನ್ನುತ್ತೇನೆ, ಸುಮ್ಮನೆ ಹೊತ್ತು ದೂಡಲು, ಹುಟ್ಟುವುದು ನೀರಿನಲ್ಲಿ ಅಕ್ಕ, ಕಚ್ಚುವುದು ಮನೆಯೊಳಗೆ, ರಕ್ತ ಕುಡಿದ ಮೇಲೆ ಅದಕ್ಕೆ ಮೈ ಭಾರ, ದೂರ ಹಾರಲಿಕ್ಕೆ ಆಗುವುದಿಲ್ಲ, ಹತ್ತಿರದ ಗೋಡೆಯಲ್ಲಿ ಕೂತುಕೊಳ್ತದೆ, ಗೋಡೆಯಲ್ಲಿ ಮದ್ದಿದ್ದರೆ ಅಲ್ಲಿಯೇ ಸಾಯ್ತದೆ, ಒಬ್ಬರ ಜ್ವರವನ್ನು ಇನ್ನೊಬ್ಬರಿಗೆ ಕೊಂಡುಹೋಗುವುದಿಲ್ಲ — ಒಬ್ಬರದು ಇನ್ನೊಬ್ಬರಿಗೆ, ಹಾಗಾದರೆ ಬಾಹುಬಲಿಯದು ಶಶಿಗೆ, ಒಂದೇ ಚಾಪೆ, ಒಂದೇ ಗೋಡೆ. ಕೊಂದವರಿಗೂ ಕೊಲ್ಲಿಸಿದವರಿಗೂ ನೋಡಿ ಸಮ್ಮತಿಸಿದವರಿಗೂ ಪಾಪ ಉಂಟು ಎಂದು ಬಸದಿಯಲ್ಲಿ ಪೂಜೆ ಮಾಡುವ ಇಂದ್ರರು ಹೇಳುವುದನ್ನು ಕೇಳುತ್ತ ಬೆಳೆದವಳು ನಾನು, ಮೂಡಬಿದ್ರೆಯ ಅಂಗಡಿ ಬಿಟ್ಟು ಬರಲಾಗದ ಗಂಡನಲ್ಲಿ ಕೇಳುವ ಎಂದರೆ ಅವರು ಬರುವುದು ಭಾನುವಾರ, ಹೊಡಿ ಎಂದೆ, ಬಾಯಿಂದ ಬಂದೇ ಹೋಯಿತು. ಅಕ್ಕಿಮುಡಿ, ಉಪ್ಪಿನಕಾಯಿ ಭರಣಿ, ಚಾಪೆ, ಯಾರೂ ಮಲಗದ ತೊಟ್ಟಿಲು, ಎಲ್ಲ ಅಂಗಳಕ್ಕೆ, ಗೋಡೆಯಲ್ಲಿ ಬಿಳಿ ನೀರು ಇಳಿಯುತ್ತದೆ, ಗಂಟಲಿಗೆ ಹಿಡಿಯುವ ವಾಸನೆ, ಚಾವಡಿ ಆಯಿತು, ಅಡುಗೆಕೋಣೆ ಆಯಿತು, ಈ ಕೋಣೆ ಅಕ್ಕ ಎನ್ನುತ್ತಾನೆ, ಅದು ಅಮ್ಮನದು, ಬೇಡ — ಶಶಿ ಮಲಗುವುದು ಅಲ್ಲಿಯೇ, ಅಜ್ಜಿಯ ಸೆರಗು ಹಿಡಿದುಕೊಂಡು, ಗೊತ್ತಿದ್ದೂ ಬೇಡ ಎಂದೆ, ನನ್ನ ಧೈರ್ಯ ಆ ಹೊಸ್ತಿಲಿನವರೆಗೆ ಮಾತ್ರ.

ಈಗ ಬೀಳುತ್ತಿವೆ, ಜಿರಳೆ, ಜೇಡ, ತೊಲೆಯ ಸಂದಿನಿಂದ ಹೆಸರು ಗೊತ್ತಿಲ್ಲದ್ದೆಲ್ಲ, ಅಮ್ಮ ಬರುವ ಮೊದಲು ಗುಡಿಸಬೇಕು, ಹಿಡಿಸೂಡಿ ಎಲ್ಲಿ, ಅಷ್ಟರಲ್ಲಿ ಅಮ್ಮಾ ಚಳಿ ಎನ್ನುತ್ತಾಳೆ ಶಶಿ, ಹಲ್ಲಿಗೆ ಹಲ್ಲು ಬಡಿಯುತ್ತಿದೆ, ಎರಡು ಕಂಬಳಿ ಹೊದೆಸಿದರೂ ನಡುಕ ನಿಲ್ಲುವುದಿಲ್ಲ, ಹುಕ್ರಪ್ಪ ಅವಳ ಬೆರಳು ಚುಚ್ಚಿ ಪರೀಕ್ಷೆಗೆಂದು ಗಾಜಿನ ತುಂಡಿಗೆ ರಕ್ತ ಸವರಿದ, ಈ ಮಾತ್ರೆ ಮೂರು ದಿನ ಬಿಡದೆ ಕೊಡಿ ಅಕ್ಕ, ಜ್ವರ ಇಳಿದರೂ ನಿಲ್ಲಿಸಬೇಡಿ, ಎನ್ನುತ್ತಿರುವಾಗಲೇ ಅಂಗಳದಲ್ಲಿ ಅಮ್ಮ. ಅಕ್ಕಿಮುಡಿ ನೋಡಿದಳು, ತೊಟ್ಟಿಲು ನೋಡಿದಳು, ಪಂಪು ನೋಡಿದಳು, ನನ್ನನ್ನು ನೋಡಲಿಲ್ಲ, ಜಗಲಿಗೆ ಬಂದು ಶಶಿಯನ್ನು ಕಂಬಳಿಯೊಂದಿಗೆ ಮಡಿಲಿಗೆಳೆದು ಅಮುಕಿ ಹಿಡಿದಳು, ಮಗುವಿನ ನಡುಕಕ್ಕೆ ಅಮ್ಮನ ಮುದಿ ಭುಜವೂ ಅಲ್ಲಾಡುತ್ತಿದೆ, ನಾನು ಬೈಗುಳಕ್ಕೆ ಕಾಯುತ್ತಿದ್ದೇನೆ, ಬೈದರೆ ಅಳಬಹುದು. ನನ್ನ ಕೋಣೆಗೆ ಆಯಿತಾ ಎಂದಳು. ಇಲ್ಲಮ್ಮ. ಯಾಕೆ. ನಿನಗೆ ಬೇಡವೆಂದು. ಇವಳು ಮಲಗುವುದೆಲ್ಲಿ ಕಮಲ. ಅಲ್ಲಿಗೂ ಹೊಡಿ ಹುಕ್ರಪ್ಪ, ಯಾರಾದರೂ ಕೇಳಿದರೆ ಹೇಳಿದ್ದು ನಾನು, ಅನಂತಮತಿ, ಮಗಳಲ್ಲ. ಶಶಿಯನ್ನು ನನ್ನ ಕೈಗೆ ಕೊಟ್ಟು ಎದ್ದಳು, ಹಿತ್ತಿಲಿಗೆ ಹೋಗುತ್ತಾಳೆಂದುಕೊಂಡೆ, ಹೋಗಲಿಲ್ಲ, ತನ್ನ ಕೋಣೆಯ ಬಾಗಿಲಲ್ಲಿಯೇ ನಿಂತು ನೋಡುತ್ತಿದ್ದಾಳೆ, ಕಣ್ಣು ಮುಚ್ಚುವುದಿಲ್ಲ, ಮಾಡಿನಿಂದ ಅವಳ ಬಿಳಿ ಸೀರೆಗೆ ಒಂದು ಮಿಡತೆ ಬಿತ್ತು, ತೆಗೆದು ಅಂಗಳಕ್ಕೆ ಬಂದು ಅಂಗೈ ಬಿಡಿಸಿದಳು, ಹಾರಲಿಲ್ಲ, ಬಿಡಿಸಿಯೇ ಹಿಡಿದಿದ್ದಾಳೆ, ಬಿಸಿಲಿಗೆ, ಒಂದು ಕಾಲು ಮಾತ್ರ, ಮಡಚುತ್ತದೆ, ಚಾಚುತ್ತದೆ, ಮಡಚುತ್ತದೆ