ನಾಲ್ಕನೇ ಕ್ಲಾಸಿನ ಬೆಂಚು

"ಇಲ್ಲೊಂದು ಸೈನ್ ಹಾಕಿ, ಸಾಕು," ಎಂದು ಯೋಗೇಂದ್ರ ಮೇಷ್ಟ್ರು ಹಾಳೆಯನ್ನು ಮೇಜಿನ ತುದಿಗೆ ತಳ್ಳಿದರು. ಭಾಗ್ಯಳನ್ನು ನಾಳೆಯಿಂದ ಎರಡನೇ ಕ್ಲಾಸಿನಲ್ಲಿ ಕೂರಿಸಲು ತಾಯಿಯ ಒಪ್ಪಿಗೆ ಇದೆ ಎಂದು ಅದರಲ್ಲಿ ಬರೆದಿತ್ತು.

ಮಾಲತಿ ಪೆನ್ನು ಮುಟ್ಟಲಿಲ್ಲ. ಪಕ್ಕದೂರು ನಾರ್ವೆಯ ತೋಟದ ಕೆಲಸವನ್ನು ಅರ್ಧಕ್ಕೆ ಬಿಟ್ಟು ಬಂದಿದ್ದಳು. ಸೆರಗು ಇನ್ನೂ ಸೊಂಟಕ್ಕೆ ಸಿಕ್ಕಿಸಿದಂತೆಯೇ ಇತ್ತು. ಬೋರ್ಡಿನ ತುಂಬ ಮೇಲಿಂದ ಕೆಳಗಿನವರೆಗೆ ಬಿಡುವಿಲ್ಲದೆ ಅಕ್ಷರ. ಮಕ್ಕಳೆಲ್ಲ ಬರೆಯುತ್ತಿದ್ದರು. ಕೊನೆಯ ಬೆಂಚಿನಲ್ಲಿ ಮಗಳು ಮಾತ್ರ ಸುಮ್ಮನೆ ಕೂತಿದ್ದಳು.

"ಬಾಯಲ್ಲಿ ಕೇಳಿದ್ರೆ ಎಲ್ಲಾ ಹೇಳ್ತಾಳಲ್ಲ ಮೇಷ್ಟ್ರೇ. ಮತ್ಯಾಕೆ ಎರಡನೇ ಕ್ಲಾಸು?"

"ಬೋರ್ಡ್ ನೋಡಿ ಒಂದು ಸಾಲು ಬರ್ಯಲ್ಲ. ಕಣ್ಣು ಸರಿ ಇದೆ ಅಂತ ಕೊಪ್ಪದ ಡಾಕ್ಟ್ರೇ ಬರ್ದಿದಾರೆ. ಅಂದ್ಮೇಲೆ ಸೋಮಾರಿತನ ಅಲ್ದೆ ಇನ್ನೆಂತ?"

"ಅದ್ರ ಕೆಳಗೆ ಎಂತ ಬರ್ದಿದಾರೆ?"

ಮೇಷ್ಟ್ರು ಫೈಲು ಬಿಡಿಸಿದರು. ಡಾಕ್ಟರ ಚೀಟಿಯ ಕೆಳಗಿನ ಅರ್ಧದ ಮೇಲೆ ಇನ್ಯಾವುದೋ ಹಾಳೆಯನ್ನು ಪಿನ್ ಹೊಡೆದಿತ್ತು.

"ನಂಗೆ ಓದಿ ಹೇಳಿದಾರೆ ಡಾಕ್ಟ್ರು. ಕಣ್ಣಿಗೆ ಕಾಣ್ತದೆ, ಅಕ್ಷರ ಒತ್ತೊತ್ತಾಗಿದ್ರೆ ಬಿಡಿಸ್ಕಳಕ್ಕೆ ಆಗಲ್ಲ, ಒಂದೊಂದೇ ಸಾಲು ಕೊಡಿ ಅಂತ. ಆರು ತಿಂಗಳಾಯ್ತು! ಪಿನ್ ಹೊಡ್ದು ಇಟ್ಕಂಡಿದ್ದೀರಿ!"

"ಇಪ್ಪತ್ತೆರಡು ಮಕ್ಳಮ್ಮ ನಂಗೆ. ಒಬ್ಳಿಗೋಸ್ಕರ..."

ಮಾಲತಿ ಮಾತು ಮುಗಿಯಲು ಬಿಡದೆ ಜಗಲಿಗೆ ಹೋದಳು. ಬಿಸಿಯೂಟದ ಪ್ರೇಮಕ್ಕ ಅಕ್ಕಿ ಆರಿಸುತ್ತಿದ್ದಳು. ಅವಳ ಕೈಯಿಂದ ಮೊರವನ್ನೇ ಎತ್ತಿಕೊಂಡಳು.

"ಅಯ್ಯೋ ಮಾರಾಯ್ತಿ, ಎಸರು ಕುದೀತಿದೆ ಅಲ್ಲಿ!"

ಮೊರ ಮಗಳ ಮುಂದೆ ಬಂತು. "ಕಲ್ಲು ಹೆಕ್ಕು."

ಭಾಗ್ಯಳ ಬೆರಳು ಅಕ್ಕಿಯ ಮೇಲೆಲ್ಲ ಸುತ್ತಿ ಬರಿದೇ ನಿಂತಿತು. ಮುಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಮಾಲತಿ ಒಂದು ಹಿಡಿ ಅಕ್ಕಿಯನ್ನು ಅಂಚಿಗೆಳೆದು ತೆಳ್ಳಗೆ ಹರಡಿದಳು. ಉಳಿದದ್ದನ್ನು ಸೆರಗು ಬಿಚ್ಚಿ ಮುಚ್ಚಿದಳು. ಮಗಳು ಪಟಪಟನೆ ಮೂರು ಕಲ್ಲು ಹೆಕ್ಕಿ ಬೆಂಚಿನ ಮೇಲಿಟ್ಟಳು.

"ಈಗ ಹೇಳಿ, ಸೋಮಾರಿನಾ ಇವ್ಳು?"

"ಇದು ಕ್ಲಾಸು, ಅಡುಗೆಮನೆ ಅಲ್ಲ."

"ಅಡುಗೆಮನೇಲಿ ನಂಗೆ ಗೊತ್ತಾಗಿದ್ದು ಇಲ್ಲಿ ನಿಮ್ಗೆ ಯಾಕೆ ಗೊತ್ತಾಗ್ಲಿಲ್ಲ?"

ಅವಳು ಡಸ್ಟರ್ ತೆಗೆದುಕೊಂಡು ಬೋರ್ಡನ್ನು ಒರೆಸತೊಡಗಿದಳು. "ನಮ್ದು ಬರ್ದಾಗಿಲ್ಲ!" ಎಂದು ಮಕ್ಕಳು ಕೂಗಿದರು. ಅವಳು ನಿಲ್ಲಿಸಲಿಲ್ಲ. ಮೇಲಿನ ಒಂದೇ ಸಾಲು ಉಳಿಯಿತು.

"ಸೈನ್ ಹಾಕಲ್ಲ. ಅವ್ಳು ಕೂರೋದು ಇದೇ ಬೆಂಚಲ್ಲಿ."

ಭಾಗ್ಯ ತಲೆಯೆತ್ತಿ ನೋಡಿದಳು, ತಗ್ಗಿಸಿ ಬರೆದಳು. ಮತ್ತೆ ನೋಡಿದಳು, ಮತ್ತೆ ಬರೆದಳು. ಮೇಷ್ಟ್ರು ಎದ್ದು ಬಂದು ಬೋರ್ಡಿನ ಪಕ್ಕ ಸೀಮೆಸುಣ್ಣ ಹಿಡಿದು ನಿಂತಿದ್ದರು. ಸಾಲು ಮುಗಿಸಿದ ಹುಡುಗಿ ಪೆನ್ಸಿಲನ್ನು ಹಾಳೆಯ ಮೇಲೆ ಎತ್ತಿ ಹಿಡಿದು, ಇನ್ನೊಂದು ಸಾಲಿಗಾಗಿ ಅವರ ಕೈಯನ್ನೇ ನೋಡುತ್ತಿದ್ದಳು.