ತುಂಬಿದ ಸಭೆಯ ಹಾಡು

ಟೈಲರ್ ಮಾಸ್ಟರ್ ಮೈಕಿನ ಯಂತ್ರದ ಒಂದೊಂದೇ ಗುಂಡಿಯನ್ನು ಮೇಲಕ್ಕೆ ಜಾರಿಸಿ, ಕಿವಿಗೊಟ್ಟು, ಮತ್ತೆ ಕೆಳಕ್ಕೆ ಎಳೆಯುತ್ತಿದ್ದರು. ಒಂದು ಗುಂಡಿಗೆ ಕೀರಲು ಸದ್ದು ಬಂತು. ಇನ್ನೊಂದಕ್ಕೆ ಏನೂ ಬರಲಿಲ್ಲ. ಚರ್ಚಿನ ಹಿಂದಿನ ಮೂಲೆಯಲ್ಲಿ, ಹಲಗೆಯ ಅಡ್ಡಗೋಡೆಯ ಹಿಂದೆ, ಮೈಕಣ್ಣನ ಕುರ್ಚಿಯ ತುದಿಯಲ್ಲಿ ಅವರು ಕೂತಿದ್ದರು. ಪೂರ್ತಿ ಕೂರಲು ಮನಸ್ಸಾಗಿರಲಿಲ್ಲ. ಮೈಕಣ್ಣ ಮುಂದುಗಡೆ, ವೇದಿಕೆಯ ಕೆಳಗೆ, ಪೆಟ್ಟಿಗೆಯಲ್ಲಿ ಮಲಗಿದ್ದ.

"ಆಯ್ತಾ ಮಾಸ್ಟ್ರೇ? ಜನ ಬರೋ ಹೊತ್ತಾಯ್ತು," ಎಂದರು ಪಾಸ್ಟರ್, ನಿಲುವಂಗಿಯ ತೋಳು ಸರಿಮಾಡಿಕೊಳ್ಳುತ್ತ.

"ತಾಳಿ ಅಯ್ಯನವ್ರೇ. ನನ್ನ ಮಿಷನ್ನಿಗೆ ಒಂದೇ ಪೆಡಲು. ಇಲ್ಲಿ ನೋಡಿ, ನಾನು ಜನ್ಮದಲ್ಲಿ ಇಷ್ಟು ಗುಂಡಿ ಹೊಲಿದಿಲ್ಲ. ಒಬ್ಬರಿಗಾದ್ರೂ ಮುಟ್ಟೋಕೆ ಬಿಟ್ನಾ ಇವನು? ಈಗ ನಮ್ಮನ್ನ ಸಿಕ್ಕಿಸಿ ಆರಾಮಾಗಿ ಮಲಗಿದಾನೆ."

ಕೊನೆಯ ಗುಂಡಿಯ ಕೆಳಗೆ ಅಂಟಿಸಿದ್ದ ಬಿಳಿ ಪಟ್ಟಿಯ ಮೇಲೆ ಮೈಕಣ್ಣನ ಓರೆ ಅಕ್ಷರದಲ್ಲಿ 'ಸಭೆ' ಎಂದು ಬರೆದಿತ್ತು. ಮಾಸ್ಟರ್ ಅದನ್ನು ಮೇಲಕ್ಕೆ ಜಾರಿಸಿದರು.

ಖಾಲಿ ಚರ್ಚು ಹಾಡತೊಡಗಿತು.

ತುಂಬಿದ ಚರ್ಚಿನ ಹಾಡು ಅದು. ಗಂಡಸರ ದಪ್ಪ ದನಿ, ಅದರ ಮೇಲೆ ಹೆಂಗಸರದು, ನಡುವೆ ಯಾರೋ ಕೆಮ್ಮಿದ್ದು, ಒಂದು ಮಗು ಅತ್ತದ್ದು. ಪೆಟ್ಟಿಗೆಯ ಬಳಿ ಹೂವು ಜೋಡಿಸುತ್ತಿದ್ದ ಮೈಕಣ್ಣನ ನಾದಿನಿ ಬೆಚ್ಚಿ ಬಾಗಿಲ ಕಡೆ ನೋಡಿದಳು. ಅಲ್ಲಿ ಯಾರೂ ಇರಲಿಲ್ಲ.

ಮಾಸ್ಟರ್ ಗುಂಡಿಯಿಂದ ಕೈ ತೆಗೆಯಲಿಲ್ಲ. ಅವರ ಮುಖ ನಿಧಾನವಾಗಿ ಬಿಳಿಚಿಕೊಂಡಿತು.

"ಇದು ನನ್ನವಳ ದನಿ," ಎಂದರು. "ಸಾಲು ಮುಗಿದ ಮೇಲೂ ಒಂದು ಗಳಿಗೆ ಎಳೀತಾಳೆ, ಕೇಳಿಸ್ತಾ? ಎಲ್ಲರೂ ನಿಲ್ಲಿಸಿದ ಮೇಲೆ ನೀನೊಬ್ಬಳೇ ಎಲ್ಲಿಗೆ ಹೊರಟೆ ಅಂತ ಬೈತಿದ್ದೆ."

ಮಾಸ್ಟರ ಹೆಂಡತಿ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಆಗ ಈ ಪಾಸ್ಟರು ಇಲ್ಲಿಗೆ ಬಂದಿರಲಿಲ್ಲ.

"ಭಾನುವಾರ ಹಾಡೋವಾಗ ಅವಳು ಪಕ್ಕದಲ್ಲೇ ನಿಂತ ಹಾಗೆ ಅನ್ಸೋದು ಅಯ್ಯನವ್ರೇ. ವಯಸ್ಸಾಯ್ತು, ತಲೆ ಹೀಗೇ ಆಟ ಆಡ್ಸತ್ತೆ ಅಂದ್ಕೊಂಡಿದ್ದೆ."

ಮೈಕಣ್ಣನ ಹೆಂಡತಿ ಮುಂದಿನ ಬೆಂಚಿನಿಂದ ಎದ್ದು, ನಡುದಾರಿಯಲ್ಲಿ ನಡೆದುಬಂದಳು. ಕಪ್ಪು ಸೆರಗು ಬಿಗಿಯಾಗಿ ಹೊದ್ದಿದ್ದಳು.

"ಅದನ್ನ ಇಳ್ಸಿ ಮಾಸ್ಟ್ರೇ," ಎಂದಳು.

*

ಮೈಕಣ್ಣನದು ಫ್ಯಾನು, ಇಸ್ತ್ರಿಪೆಟ್ಟಿಗೆ, ರೇಡಿಯೋ ರಿಪೇರಿಯ ಅಂಗಡಿ. ಎದುರುಬದುರಾಗಿ ಇಬ್ಬರು ನಿಂತರೆ ಮೂರನೆಯವರು ಹೊರಗಿರಬೇಕು, ಅಷ್ಟು ಇಕ್ಕಟ್ಟು. ಚರ್ಚಿಗೆ ಮೊದಲ ಮೈಕು ಬಂದಾಗ ಅದನ್ನು ಕೂರಿಸಿದವನು ಅವನೇ. ಅಂದಿನಿಂದ ಹಿಂದಿನ ಮೂಲೆ ಅವನದಾಯಿತು, ಹೆಸರೂ ಹಾಗೇ ಅಂಟಿತು. ಹಾಡುಗಳನ್ನು ರೆಕಾರ್ಡು ಮಾಡಿಡುವುದು ಅವನಿಗೆ ಒಂದು ಹುಚ್ಚು. ಜನ ಬೆಂಚು ಸಾಲದೆ ಗೋಡೆಗೆ ಒರಗಿ ನಿಲ್ಲುತ್ತಿದ್ದ ಕಾಲದ ಹಾಡುಗಳೆಲ್ಲ ಅವನ ಹತ್ತಿರ ಇದ್ದವು.

ಒಂದು ಭಾನುವಾರ ಅವನು ಊಟದ ತಟ್ಟೆ ಮುಂದಿಟ್ಟುಕೊಂಡು ಸುಮ್ಮನೆ ಕೂತಿದ್ದ.

"ಉಪ್ಪು ಜಾಸ್ತಿ ಆಯ್ತಾ?" ಹೆಂಡತಿ ಕೇಳಿದಳು.

"ಇವತ್ತು ಸಭೆ ಹಾಡ್ಲಿಲ್ಲ ಕಣೇ. ಪರದೆ ಮೇಲಿನ ಸಾಲು ನೋಡ್ಕೊಂಡು ಬಾಯಿ ಆಡ್ಸಿದ್ರು ಅಷ್ಟೆ. ನನಗೆ ಕೂತಲ್ಲಿಂದ ಎಲ್ಲಾ ಕೇಳತ್ತಲ್ಲ."

"ಯಾಕಂತೆ?"

"ಜಗಳ ಆಗಿದ್ರೆ ರಾಜಿ ಮಾಡ್ಸಬಹುದಿತ್ತು. ಜಗಳವೂ ಇಲ್ಲ. ಎಲ್ಲರೂ ಬರ್ತಾರೆ, ಕೂರ್ತಾರೆ, ಹೋಗ್ತಾರೆ."

ಮುಂದಿನ ವಾರ ಅವನು ಸಭೆ ಹಾಡುವಾಗ ಅದೇ ಹಾಡಿನ ಹಳೆಯ ರೆಕಾರ್ಡನ್ನು ಅಡಿಯಲ್ಲಿ ಸಣ್ಣಗೆ ಹರಿಯಬಿಟ್ಟ. ಕೀಬೋರ್ಡ್ ನುಡಿಸುವ ಸ್ಕೂಲ್ ಟೀಚರ ಕಿವಿಗೆ ಒಂದು ಇಯರ್‌ಫೋನ್ ಕೊಟ್ಟು, ಅದರಲ್ಲಿ ಬರುವ ತಾಳ ಹಿಡಿದು ನುಡಿಸಬೇಕೆಂದ. ಎಲ್ಲಿಯ ತಾಳವೆಂದು ಅವಳು ಕೇಳಲಿಲ್ಲ. ಆ ದಿನ ಜನ ಒಬ್ಬರ ಮುಖ ಒಬ್ಬರು ನೋಡಿ, ಸ್ವಲ್ಪ ದನಿ ಏರಿಸಿದರು. ಮೈಕಣ್ಣ ಮನೆಗೆ ಬಂದು ಎರಡು ಸಲ ಬಡಿಸಿಕೊಂಡು ಉಂಡ.

"ಇದು ಮೋಸ ಅಲ್ವಾ? ದೇವರಿಗೆ ಗೊತ್ತಾಗಲ್ವಾ?" ಎಂದಳು ಹೆಂಡತಿ, ಅವನು ಹೇಳಿದ್ದನ್ನು ಕೇಳಿ.

"ದೇವರಿಗೆ ಕೇಳ್ಸೋಕೆ ಅಲ್ಲ. ಅವರಿಗೆ ಅವರ ದನಿ ಕೇಳ್ಸಬಾರ್ದು ಅಂತ. ಕೇಳಿಸ್ಕೊಂಡ್ರೆ ಹೆದರಿ ಪೂರ್ತಿ ನಿಲ್ಲಿಸ್ಬಿಡ್ತಾರೆ. ಸುಧಾರಿಸ್ಕೊಳ್ಳೋವರೆಗೆ ಒಂದು ಊರುಗೋಲು. ಅವರು ಹಾಡ್ತಾ ಬಂದ ಹಾಗೆ ನಾನು ಇಳಿಸ್ತಾ ಬರ್ತೀನಿ."

ಇಳಿಸುವ ದಿನ ಬರಲಿಲ್ಲ. ಪ್ರತಿ ವರ್ಷ ಗುಂಡಿಯನ್ನು ಒಂದಿಷ್ಟು ಏರಿಸಬೇಕಾಯಿತು. ಉಗುರುಬೆಚ್ಚಗಿನ ವಿಶ್ವಾಸದ ಬಗ್ಗೆ ಪಾಸ್ಟರು ಖಾರವಾಗಿಯೇ ಪ್ರಸಂಗ ಮಾಡಿದ ದಿನ, ಬಾಗಿಲಲ್ಲಿ ಎಲ್ಲರೂ ಅವರ ಕೈ ಕುಲುಕಿ "ಒಳ್ಳೇ ಸಂದೇಶ" ಎಂದು ಹೇಳಿ ಗಾಡಿಗಳ ಕಡೆ ಹೋದರು. ಮೈಕಣ್ಣ ಆ ವಾರವೂ ಏರಿಸಿದ. ಜನರ ದನಿಗೂ ಯಂತ್ರದ ದನಿಗೂ ಹೊಂದಿಸುವುದರಲ್ಲಿ ಅವನ ಪೂರ್ತಿ ಗಮನ ಇರುತ್ತಿತ್ತು. ಹಾಗಾಗಿ ಅಷ್ಟು ವರ್ಷ ಅವನೂ ಒಂದು ಸಾಲು ಹಾಡಿರಲಿಲ್ಲ.

*

"ಹಾಗಾದ್ರೆ ನಾನು ಇಷ್ಟು ದಿನ ಕೇಳಿಸ್ಕೊತಿದ್ದದ್ದು?" ಪಾಸ್ಟರ್ ಬೆಂಚಿನ ಹಿಡಿ ಹಿಡಿದು ಕೇಳಿದರು.

"ಅರ್ಧ ಇದು," ಎಂದಳು ಮೈಕಣ್ಣನ ಹೆಂಡತಿ. "ಈಚೆಗೆ ಅರ್ಧಕ್ಕಿಂತ ಜಾಸ್ತಿ."

ಈ ಚರ್ಚಿಗೆ ಬರಲು ಪಾಸ್ಟರು ಒಪ್ಪಿದ್ದೇ, ಮೊದಲ ದಿನ ಇಲ್ಲಿಯ ಹಾಡು ಕೇಳಿ. ಬೇರೆ ಪಾಸ್ಟರುಗಳ ಮುಂದೆ ಅದನ್ನು ಹೇಳಿಕೊಂಡೂ ಇದ್ದರು.

"ಇವತ್ತೊಂದಿನ ಹೀಗೇ ಇರ್ಲಿ ಅಮ್ಮ," ಎಂದರು ಕಡೆಗೆ. "ಬೇರೆ ಸಭೆಯವರೂ ಬರ್ತಿದಾರೆ. ಮೈಕಣ್ಣನವರ ಕೊನೇ ಹಾಡು ಸಪ್ಪೆ ಆಗ್ಬಾರ್ದು."

"ಸಪ್ಪೆ ಆದ್ರೆ ಆಗ್ಲಿ ಅಯ್ಯನವ್ರೇ. ಇಷ್ಟು ವರ್ಷ ಸಭೆಯವರ ಮಾನ ನಮ್ಮನೆಯವರು ಕಾಪಾಡಿದ್ರು. ಇವತ್ತೊಂದಿನ ಸಭೆಯವರು ಬಾಯ್ಬಿಟ್ಟು ಹಾಡಿ ಅವರನ್ನ ಕಳಿಸ್ಲಿ."

"ಹಾಡ್ದೇ ಇದ್ರೆ?"

ನಾದಿನಿ ದೂರದಿಂದಲೇ, "ಅಕ್ಕ, ಸುಮ್ನಿರೇ. ನಾಲ್ಕು ಜನದ ಮುಂದೆ ಭಾವನ ಮರ್ಯಾದೆ ಕಳೀಬೇಡ," ಎಂದಳು.

ಮಾಸ್ಟರು ಯಾರ ಕಡೆಗೂ ನೋಡಲಿಲ್ಲ. "ಅತ್ತಿಗೆ, ನನಗೆ ಇನ್ನೊಂದೇ ಒಂದ್ಸಲ ಅವಳ ದನಿ ಕೇಳ್ಬೇಕು ಅನ್ಸತ್ತೆ," ಎಂದರು. "ತಪ್ಪು ತಿಳ್ಕೋಬೇಡಿ."

*

ಆಸ್ಪತ್ರೆಯಲ್ಲಿ ಮೈಕಣ್ಣ ಕಿಟಕಿ ಪಕ್ಕದ ಹಾಸಿಗೆಯಲ್ಲಿದ್ದ. ಮಾತು ಕಡಿಮೆಯಾಗಿತ್ತು. ಒಂದು ಮಧ್ಯಾಹ್ನ, ಪಕ್ಕದ ರೋಗಿಯ ಕಡೆಯವರು ಊಟಕ್ಕೆ ಹೋಗಿದ್ದಾಗ, ಅವನು ಹೆಂಡತಿಯನ್ನು ಕರೆದ.

"ಒಂದು ಹಾಡು ಹೇಳೇ."

ಅವಳು ಬ್ಯಾಗಿನಿಂದ ಮೊಬೈಲು ತೆಗೆದಳು. ಹಾಡುಗಳೆಲ್ಲ ಅದರಲ್ಲಿದ್ದವು, ಅವನೇ ಹಾಕಿಕೊಟ್ಟದ್ದು.

"ಅದು ಬೇಡ. ನೀನು."

ಅವಳು ಗಂಟಲು ಸರಿಮಾಡಿಕೊಂಡು ಒಂದು ಸಾಲು ಹಾಡಿದಳು. ಎರಡನೆಯ ಸಾಲಿಗೆ ಮಾತುಗಳು ಬರಲಿಲ್ಲ. ಅವಳ ಕಣ್ಣು ಗೋಡೆಯ ಮೇಲೆ ಪರದೆ ಹುಡುಕಿತು. ಅದಕ್ಕಿಂತ ಹೆಚ್ಚಾಗಿ, ಹಾಡುತ್ತಿರುವುದು ಯಾರಿಗೆ ಎಂದೇ ಅವಳಿಗೆ ತಿಳಿಯಲಿಲ್ಲ. ಇವನಿಗೋ, ದೇವರಿಗೋ, ಬಾಗಿಲಾಚೆ ಹೋಗಿಬರುವವರಿಗೋ. ಅಷ್ಟರಲ್ಲಿ ನರ್ಸ್ ಇಂಜೆಕ್ಷನ್ ತಂದಳು. ಹೆಂಡತಿ ಥಟ್ಟನೆ ನಿಲ್ಲಿಸಿ, ಎದ್ದು ಜಾಗ ಬಿಟ್ಟಳು. ನಿಲ್ಲಿಸಲು ನೆಪ ಸಿಕ್ಕಿತೆಂದು ಎದೆ ಹಗುರಾಯಿತು. ಮೈಕಣ್ಣ ಅದನ್ನು ಕಂಡ. ಇನ್ನೊಮ್ಮೆ ಕೇಳಲಿಲ್ಲ.

*

ಚರ್ಚು ಮುಕ್ಕಾಲು ತುಂಬಿತು. ಬಂದವರು ಪೆಟ್ಟಿಗೆಯ ಹತ್ತಿರ ಒಂದು ಕ್ಷಣ ನಿಂತು, ತಮ್ಮ ತಮ್ಮ ಮಾಮೂಲಿ ಬೆಂಚುಗಳಿಗೆ ಹೋದರು.

"ನಮ್ಮ ಫ್ಯಾನು ಅವರ ಅಂಗಡೀಲೇ ಇದೆ ನೋಡಿ. ಇನ್ನು ಯಾರನ್ನ ಕೇಳೋದು?"

"ಶ್, ಅವರ ಹೆಂಡ್ತಿ ಅಲ್ಲೇ ಕೂತಿದಾರೆ."

"ಒಳ್ಳೇ ಮನುಷ್ಯ. ಒಂದು ದಿನ ಮೈಕು ಕೈ ಕೊಟ್ಟಿದ್ದಿಲ್ಲ."

ಪಾಸ್ಟರ್ ಹಾಡಿನ ಮೊದಲ ಮಾತುಗಳನ್ನು ಹೇಳಿ, ಹಿಂದಿನ ಮೂಲೆಯ ಕಡೆ ನೋಡಿ, ಕಣ್ಣಲ್ಲೇ ಸೂಚನೆ ಕೊಟ್ಟರು. ಪರದೆಯ ಮೇಲೆ ಅಕ್ಷರ ಮೂಡಿತು. ಮಾಸ್ಟರು 'ಸಭೆ'ಯನ್ನು ಮೇಲಕ್ಕೆ ಜಾರಿಸಿದರು.

ಹಾಡು ಎದ್ದಿತು. ಬೇರೆ ಸಭೆಯಿಂದ ಬಂದವರು ಮೆಚ್ಚುಗೆಯಿಂದ ಸುತ್ತ ನೋಡಿದರು. ಮಾಸ್ಟರು ಕಣ್ಣು ಮುಚ್ಚಿದರು. ಮೊದಲ ಸಾಲು ಮುಗಿದಾಗ ಆ ಒಂದು ದನಿ ಎಲ್ಲರಿಗಿಂತ ಒಂದು ಗಳಿಗೆ ಮುಂದೆ ಹೋಯಿತು. ಅವರು ಕಣ್ಣು ತೆರೆದಾಗ ಮೈಕಣ್ಣನ ಹೆಂಡತಿ ತಿರುಗಿ ಅವರನ್ನೇ ನೋಡುತ್ತಿದ್ದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. ಅವಳು ಮತ್ತೆ ಮುಂದಕ್ಕೆ ತಿರುಗಿ ತಲೆ ತಗ್ಗಿಸಿದಳು.

ಮಾಸ್ಟರು ಎರಡನೆಯ ಚರಣದಲ್ಲಿ ಗುಂಡಿಯನ್ನು ಇಳಿಸತೊಡಗಿದರು. ಒಂದೇ ಸಲ ಇಳಿಸಲು ಕೈ ಬರಲಿಲ್ಲ. ಬಟ್ಟೆಯ ಹಳೆಯ ಹೊಲಿಗೆ ಬಿಚ್ಚುವವರ ಹಾಗೆ, ಎಳೆ ಎಳೆಯಾಗಿ ಇಳಿಸಿದರು. ಗಂಡಸರು ಹೋದರು, ಹೆಂಗಸರು ಹೋದರು, ಅಳುವ ಮಗು ಹೋಯಿತು. ಕೊನೆಗೆ ಅವಳೂ ಹೋದಳು.

ಉಳಿದದ್ದು ಕೀಬೋರ್ಡಿನ ಸದ್ದು, ಪಾಸ್ಟರ ದನಿ, ಎಲ್ಲೋ ಒಬ್ಬ ಮುದುಕಿಯ ಗುನುಗು. ಬಾಯಿಗಳು ಆಡುತ್ತಲೇ ಇದ್ದವು. ಟೀಚರು ಇಯರ್‌ಫೋನ್ ತಟ್ಟಿ ನೋಡಿ, ತಲೆ ಎತ್ತಿ, ನುಡಿಸುವುದನ್ನು ನಿಲ್ಲಿಸಿದಳು. ಆಗ ಬಾಯಿಗಳೂ ನಿಂತವು. ಇಡೀ ಸಭೆ ಹಿಂದಿನ ಮೂಲೆಗೆ ತಿರುಗಿತು.

"ಮೈಕು ಹೋಯ್ತು," ಎಂದು ಯಾರೋ ಅಂದರು.

ಮಾಸ್ಟರು ಎದ್ದು ನಿಂತರು. "ಮೈಕು ಸರಿಯಾಗೇ ಇದೆ," ಎಂದರು. ಅವರ ಮುಂದಿದ್ದ ಮೈಕು ಆ ಮಾತನ್ನು ಚರ್ಚಿನ ತುಂಬ ಕೇಳಿಸಿತು.

ಪಾಸ್ಟರು ಪ್ರಸಂಗದ ಹಾಳೆಯನ್ನು ನೋಡಿದರು, ಮಡಚಿದರು. "ಪ್ರಾರ್ಥನೆ ಮಾಡೋಣ," ಎಂದವರು ತಲೆ ಬಾಗಿಸಿ ನಿಂತರು. ಅವರಿಂದ ಮಾತು ಹೊರಡಲಿಲ್ಲ. ಅಷ್ಟು ಹೊತ್ತಿನ ಮೌನ ಆ ಚರ್ಚಿನಲ್ಲಿ ಆಗಿರಲಿಲ್ಲ. ಕೆಲವರು ನಡುವೆ ಕಣ್ಣು ತೆರೆದು ನೋಡಿ ಮತ್ತೆ ಮುಚ್ಚಿಕೊಂಡರು.

*

ಸಮಾಧಿಯ ಜಾಗದಲ್ಲಿ ಕರೆಂಟಿರಲಿಲ್ಲ, ಪರದೆಯಿರಲಿಲ್ಲ. ಬಂದವರಲ್ಲಿ ಅರ್ಧದಷ್ಟು ಜನ ಚರ್ಚಿನಿಂದಲೇ ಮನೆಗೆ ಹೋಗಿದ್ದರು. ಪೆಟ್ಟಿಗೆ ಇಳಿಸಿದ ಮೇಲೆ ಇನ್ನೂ ಕೆಲವರು, ಬಿಸಿಲೆಂದೋ ಕೆಲಸವೆಂದೋ, ಗೇಟಿನ ಕಡೆ ಸರಿದರು. ಮೊದಲ ಹಿಡಿ ಮಣ್ಣು ಹಾಕಿ ಮೈಕಣ್ಣನ ಹೆಂಡತಿ ಅಲ್ಲೇ ನಿಂತಳು. ಸಲಿಕೆ ಹಿಡಿದ ಕೆಲಸದವನು ಪಾಸ್ಟರ ಮುಖ ನೋಡಿದ. ಪಾಸ್ಟರು ಅವಳ ಮುಖ ನೋಡಿದರು.

ಅವಳು ಹಾಡತೊಡಗಿದಳು.

ದನಿ ಒಡೆದಿತ್ತು, ಶ್ರುತಿ ಬಹಳ ಮೇಲಿತ್ತು. ಎರಡನೆಯ ಸಾಲಿಗೆ ಉಸಿರು ಸಾಲದೆ ನಿಲ್ಲಿಸಿ, ಮತ್ತೆ ಹಿಡಿದಳು. ನಾದಿನಿ ಅವಳ ತೋಳು ಮುಟ್ಟಿ, "ಸಾಕು ಬಾರೇ ಅಕ್ಕ," ಎಂದಳು. ಅವಳು ತೋಳು ಬಿಡಿಸಿಕೊಂಡಳು. ಮಾಸ್ಟರು ಸೇರಿದರು. ಪಾಸ್ಟರು, ತಮ್ಮ ದನಿ ತಮಗೇ ಅಪರಿಚಿತವೆಂಬಂತೆ, ಸಣ್ಣಗೆ ಸೇರಿದರು. ಟೀಚರು ತುಟಿ ಕಚ್ಚಿ ನಿಂತಿದ್ದವಳು, ಆಮೇಲೆ ಹಾಡಿದಳು.

ಮೊದಲ ಚರಣ ಮುಗಿಯಿತು. ಎರಡನೆಯದು ಒಬ್ಬರಿಗೂ ಪೂರ್ತಿ ಬರುತ್ತಿರಲಿಲ್ಲ. ಎಲ್ಲರೂ ಕುಣಿಯೊಳಗೆ ನೋಡುತ್ತಿದ್ದರು.

"ಮುಗೀತಾ ಅಮ್ಮ?" ಕೆಲಸದವನು ಮೆಲ್ಲಗೆ ಕೇಳಿ, ಸಲಿಕೆಯ ತುಂಬ ಮಣ್ಣು ಎತ್ತಿದ.

ಅವಳು ಮತ್ತೆ ಮೊದಲ ಚರಣವನ್ನೇ ಎತ್ತಿಕೊಂಡಳು. ಈ ಸಲ ನಾದಿನಿಯೂ ಹಾಡಿದಳು, ತಪ್ಪು ತಪ್ಪಾಗಿ. ಗೇಟಿನ ಹತ್ತಿರ ಒಂದು ಕಾರು ಹೊರಡಲು ಸಿದ್ಧವಾಗಿ ಸದ್ದು ಮಾಡುತ್ತಿತ್ತು. ಸ್ವಲ್ಪ ಹೊತ್ತಿಗೆ ಅದರ ಎಂಜಿನ್ ನಿಂತಿತು. ಬಾಗಿಲು ತೆರೆದ ಸದ್ದು ಕೇಳಲಿಲ್ಲ.

ಕೆಲಸದವನು ಎತ್ತಿದ ಸಲಿಕೆಯನ್ನು ಹಾಗೇ ಹಿಡಿದು ನಿಂತಿದ್ದ. ಅವರು ಮೂರನೆಯ ಸಲ ಶುರುಮಾಡಿದಾಗ, ಅವನು ಬಗ್ಗಿ, ಆ ಮಣ್ಣನ್ನು ಸದ್ದಾಗದ ಹಾಗೆ ಗುಡ್ಡೆಯ ಮೇಲೆಯೇ ಮರಳಿ ಇಳಿಸಿದ.